ಹಿಂದೆಂದೋ ಉಂಡವನು

ಬಾರದ ಭಾಷೆಯಲ್ಲಿ ಎರಡು ಮಾತಾಡಿ ದೊಡ್ಡಸ್ತಿಕೆ ತೋರಿಸುವ ಚಟ ನನಗಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕತಾರಿಗೆ ಬಂದ ಹೊಸದರಲ್ಲಿ ‘ಯಲ್ಲಾ’, ‘ಖಲಾಸ್’ ಎಂಬೆರಡೇ ಪದಗಳ ಬಲದಿಂದ, ಅರಬಿ ಕಲಿತೆನೆಂದು ಮಂಗಳೂರಿಗೆ ಪತ್ರ ಬರೆದವನು ನಾನು. ತೊಂಬತ್ತರ ದಶಕದ ಆ ದಿನಗಳಲ್ಲಿ ರಾಸ್ ಲಫಾನಿನ ಗ್ಯಾಸ್ ಸ್ಥಾವರದ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ನಮೀಬಿಯಾದ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಯೋಹಾನೆಸ್. ಅವನ ಮನೆಮಾತು ಖೊಯೆಖೊಯೆ. ಅದರ ಕ್ರಿಯಾಪದಗಳಿಗೆ ನಾನು ಮರುಳಾಗಿಹೋದೆ. ನಮ್ಮಲ್ಲಿ ತಿಂದನು, ತಿಂದಳು, ತಿಂದೆವು ಎಂದು ಬಾಲ ಬದಲಿಸುತ್ತಲೇ ಇರಬೇಕು. ಅಲ್ಲಿ ಯಾರು ತಿಂದರೂ ಕ್ರಿಯಾಪದ ಅಲುಗುವುದಿಲ್ಲ. ಅದರ ಮುಂದೆ ಪುಟ್ಟದೊಂದು ಪದ ಬಂದು ಕಾಲ ತಿಳಿಸುತ್ತದೆ. ಇತ್ತೀಚೆಗೆ ಆದದ್ದಕ್ಕೆ ‘ಗೊ’, ಹಿಂದೆಂದೋ ಆದದ್ದಕ್ಕೆ ‘ಗೆ’, ಮುಂದೆ ಆಗುವುದಕ್ಕೆ ‘ನೀ’. ತಿನ್ನುವುದಕ್ಕೆ ನಾಲಿಗೆಯನ್ನು ಅಂಗುಳಿಗೆ ಚಟಕ್ಕನೆ ಹೊಡೆದು ‘ಊಂ’ ಎನ್ನಬೇಕು. ನಾನು ಊಟದ ಊ ಎಂದು ನೆನಪಿಟ್ಟುಕೊಂಡೆ.

ಯೋಹಾನೆಸನ ಹೆಂಡತಿ ಮಾರ್ತಾ ಆಗಷ್ಟೇ ಬಂದಿದ್ದಳು. ಇಂಗ್ಲಿಷ್ ಅಷ್ಟಾಗಿ ಬಾರದು. ದೋಹಾದ ಬಿನ್ ಒಮ್ರಾನ್ ಬಡಾವಣೆಯ ಫ್ಲ್ಯಾಟಿನಲ್ಲಿ ಒಬ್ಬಳೇ ಕೂತು, ಊರಿಗೆ ವಾಪಸು ಹೋಗುತ್ತೇನೆಂದು ಅಳುತ್ತಿದ್ದಳಂತೆ. “ಶುಕ್ರವಾರ ಇಬ್ಬರೂ ಊಟಕ್ಕೆ ಬನ್ನಿ, ಅವಳಿಗೂ ಜೊತೆಯಾಗುತ್ತದೆ” ಎಂದು ಅವನು ಕರೆದ. ನನ್ನ ಹೆಂಡತಿ ಶಶಿಕಲಾಗೆ ದಾರಿಯುದ್ದಕ್ಕೂ ವ್ಯಾಕರಣ ಬೋಧಿಸಿದೆ. “ನೀವೊಮ್ಮೆ ಸುಮ್ಮನೆ ಬನ್ನಿ ಮಾರಾಯ್ರೆ” ಎಂದಳು.

ಕುರಿಮಾಂಸದ ಸಾರು ಘಮಘಮಿಸುತ್ತಿತ್ತು. ಮಾರ್ತಾ ತಟ್ಟೆ ಹಿಡಿದು, ಬಡಿಸಲೇ ಎಂಬಂತೆ ನನ್ನನ್ನು ನೋಡಿದಳು. ‘ತಿನ್ನುತ್ತೇನೆ’ ಎನ್ನಲು ‘ನೀ’ ಬೇಕು. ಆದರೆ ಕನ್ನಡದ ಕಿವಿಗೆ ಅದು ಆಕೆಯನ್ನೇ ಏಕವಚನದಲ್ಲಿ ಕರೆದಂತೆ ಕೇಳಿಸಿ ಅಳುಕಿದೆ. ಗಡಿಬಿಡಿಯಲ್ಲಿ ‘ಗೆ’ ಹಾಕಿ, ನಾಲಿಗೆ ಚಟಕ್ಕೆನಿಸಿ ವಾಕ್ಯ ಮುಗಿಸಿದೆ. ಮಾರ್ತಾ ಕಣ್ಣರಳಿಸಿ, ವಿನಯದಿಂದ ತಲೆಯಾಡಿಸಿ ತಟ್ಟೆಯನ್ನು ಅಡುಗೆಮನೆಗೆ ವಾಪಸು ಒಯ್ದಳು.

“ನೀವು ಎಂದೋ ಉಂಡಾಗಿದೆ ಅಂದಿರಿ” ಎಂದ ಯೋಹಾನೆಸ್, ನಗು ತಡೆಯಲಾರದೆ.

ಶಶಿಕಲಾ ಎದ್ದು ಅವಳ ಹಿಂದೆಯೇ ಹೋಗಿ, ನನ್ನ ಕಡೆ ಬೆರಳು ತೋರಿಸಿ, ತನ್ನ ಹೊಟ್ಟೆ ತಟ್ಟಿ, ಹಿಂದುಮುಂದಿಲ್ಲದ ಒಂದೇ ಒಂದು ‘ಊಂ’ ಹೇಳಿದಳು. ಮಾರ್ತಾ ಬಿದ್ದು ಬಿದ್ದು ನಕ್ಕಳು. ದೋಹಾಕ್ಕೆ ಬಂದಮೇಲೆ ಆಕೆ ನಕ್ಕದ್ದು ಅದೇ ಮೊದಲಂತೆ. ನನಗೆ ಎರಡು ಸಲ ಬಡಿಸಿದಳು.

ಮಾರ್ತಾ ಊರಿಗೆ ಹೋಗಲಿಲ್ಲ. ಶುಕ್ರವಾರ ಬಂತೆಂದರೆ ಹೆಂಗಸರಿಬ್ಬರೂ ಕೈಕೈ ಹಿಡಿದು ಕಡಲ ದಂಡೆಗೆ ಹೊರಡುತ್ತಿದ್ದರು. ಏನು ಮಾತಾಡುತ್ತಿದ್ದರೋ, ಯಾವ ಭಾಷೆಯಲ್ಲೋ. ಒಮ್ಮೆ ತಡೆಯಲಾರದೆ, “ದುಭಾಷಿಯಾಗಿ ನಾನೂ ಬರಲಾ?” ಎಂದು ಕೇಳಿದೆ.

“ಬೇಡ, ನೀವು ಬಂದರೆ ನಮಗೆ ಮಾತು ನಿಂತುಹೋಗ್ತದೆ” ಎಂದಳು ಶಶಿಕಲಾ.