ಎಲೆ ಅಲ್ಲಾಡದ ದಿನದ ಗಾಳಿಯಂತ್ರ

ಇವತ್ತು ಗಾಳಿ ಬೀಸದಿದ್ದರೆ? ಬೆಳಗಿನಿಂದ ಸುಚಿತ್ರಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಸಂಕಟ ಇದೊಂದೇ. ತಾರಸಿಯ ಪಕ್ಕದ ನುಗ್ಗೆಮರ ಫೋಟೋಗೆ ನಿಂತ ಮದುಮಗಳಂತೆ ಉಸಿರು ಬಿಗಿಹಿಡಿದು ನಿಂತಿತ್ತು.

ಕುದೂರಿನಲ್ಲಿ ರಾಗಿ ಮಿಲ್ಲು ನಡೆಸುವ ಅಪ್ಪ ಲಕ್ಷ್ಮಯ್ಯ, ಮಗಳ ಇಂಜಿನಿಯರಿಂಗ್ ಓದನ್ನು ನಂಬಿ ಮಿಲ್ಲಿನದೇ ಒಂದು ಮೋಟಾರು ಬಿಚ್ಚಿಕೊಟ್ಟಿದ್ದ. ಅದೀಗ ಮೂರು ರೆಕ್ಕೆ ಕಟ್ಟಿಕೊಂಡು, ಒಂದು ಸ್ವಿಚ್ಚಿನ ಮೂಲಕ ಮನೆಯ ಕರೆಂಟು ಲೈನಿಗೆ ಸೇರಿಕೊಂಡು ತಾರಸಿಯ ಮೇಲೆ ಕೂತಿತ್ತು. "ಇವತ್ತು ತಿರುಗ್ಲಿಲ್ಲಾಂದ್ರೆ ಮೋಟಾರು ವಾಪಸ್ ಮಿಲ್ಲಿಗೆ, ನೀನು ರಾಗಿ ತೂಕ ಹಾಕಕ್ಕೆ" ಎಂದು ತೀರ್ಪು ಕೊಟ್ಟದ್ದು ಸಾಲದೆಂದು, ಬೀದಿಯವರನ್ನೆಲ್ಲ ತಾರಸಿಗೆ ಹತ್ತಿಸಿದ್ದ.

"ಗಾಳಿ ರೆಕ್ಕೆ ತಿರುಗುಸ್ತದೆ, ರೆಕ್ಕೆ ಮೋಟಾರು ತಿರುಗುಸ್ತದೆ. ಮೋಟಾರು ತನ್ನ ಸ್ಪೀಡು ದಾಟ್ತು ಅಂದ್ರೆ ಲೈನಿಂದ ಕರೆಂಟು ಈಸ್ಕೊಳಾಕಿಲ್ಲ, ಲೈನಿಗೇ ಕೊಡ್ತದೆ!" ಮಗಳಿಂದ ಕಲಿತ ಪಾಠ ಒಪ್ಪಿಸಿದ.

"ಗಾಳಿ ಎಲ್ಲೈತ್ಲಾ ಲಕ್ಷ್ಮಯ್ಯ? ನನ್ ಬೀಡಿ ಹೊಗೆ ನೆಟ್ಟಗೆ ಮೇಲಕ್ಕೋಯ್ತಾ ಐತೆ," ಎಂದ ಎದುರುಮನೆ ಚೆಲುವಯ್ಯ.

"ಹೆಣ್ಣುಮಗೀನ ಯಾಕ್ಲಾ ಅಣಕುಸ್ತೀಯ?" ಎಂದರು ಪಕ್ಕದ ಮನೆ ಅಜ್ಜಿ ದೊಡ್ಡಲಕ್ಷ್ಮಮ್ಮ. "ಹಾಕವ್ವಾ ಸ್ವಿಚ್ಚು."

"ಒಸಿ ಗಾಳಿ ಬರ್ಲಿ..." ಸುಚಿತ್ರಾಳ ಮಾತು ಅವಳ ಕಿವಿಗೇ ಕೇಳಿಸಲಿಲ್ಲ. ಲಕ್ಷ್ಮಯ್ಯ ಸ್ವಿಚ್ಚು ಹಾಕಿಯೇಬಿಟ್ಟ.

ಗುಂಯ್ ಎಂದು ರೆಕ್ಕೆಗಳು ತಿರುಗಿದವು. ನುಗ್ಗೆಯ ಒಂದೆಲೆ ಅಲ್ಲಾಡಿಲ್ಲ, ರೆಕ್ಕೆ ಮಾತ್ರ ಮೈಮೇಲೆ ದೇವರು ಬಂದ ಹಾಗೆ! ಚೆಲುವಯ್ಯನ ಬೀಡಿ ಬಾಯಿಂದ ಉದುರಿತು. ಅಜ್ಜಿ ಚಪ್ಪಲಿ ಬಿಟ್ಟು ಕೈಮುಗಿದರು. ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವಳು ಸುಚಿತ್ರಾ.

"ಗಾಳಿನೇ ಇಲ್ದೆ ಕರೆಂಟು ತೆಗುದ್ಬುಟ್ಲಲ್ಲೋ ನಿನ್ ಮಗ್ಳು! ನಮ್ಗೂ ಒಂದ್ ಮಾಡ್ಕೊಡವ್ವಾ," ಎಂದ ಚೆಲುವಯ್ಯ.

ಲಕ್ಷ್ಮಯ್ಯ ಪೂರಿಯಂತೆ ಉಬ್ಬಿದ. "ಬೀದಿಗೆಲ್ಲಾ ಮಾಡ್ತಾಳೆ. ಮಿಲ್ಲಲ್ಲಿರೋ ಇನ್ನೊಂದು ಮೋಟಾರೂ ಈಗ್ಲೇ ಬಿಚ್ತೀನಿ!"

ಅಷ್ಟರಲ್ಲಿ ಊರಿನ ಕರೆಂಟು ಹೋಯಿತು. ರೆಕ್ಕೆಗಳು ನಿಂತವು. ಕರೆಂಟು ಬಂತು. ರೆಕ್ಕೆಗಳು ತಿರುಗಿದವು.

ಸುಚಿತ್ರಾಳಿಗೆ ಆಗ ಹೊಳೆಯಿತು. ಗಾಳಿ ಸಾಲದಾಗ ಮೋಟಾರನ್ನು ತಾನಾಗಿಯೇ ಲೈನಿನಿಂದ ಬಿಡಿಸಬೇಕಾದ ಬೇರೊಂದು ಸ್ವಿಚ್ಚು ಇನ್ನೂ ಕೆಳಗೆ, ಅವಳ ಮೇಜಿನ ಮೇಲೆ ಡಬ್ಬಿಯಲ್ಲೇ ಇತ್ತು!

"ಕರೆಂಟೋದ್ರೆ ಇದ್ಯಾಕ್ಲಾ ನಿಂತ್ಕತು?" ಚೆಲುವಯ್ಯ ಕೇಳಿದ.

"ಸೇಫ್ಟಿ ಕಣ್ಲಾ! ಕಂಬ ಹತ್ತಿರೋ ಲೈನ್‌ಮನ್‌ಗೆ ಶಾಕ್ ಹೊಡೀಬಾರ್ದಲ್ಲ," ಎಂದು ಲಕ್ಷ್ಮಯ್ಯ ಎರಡನೇ ಪಾಠವನ್ನೂ ಒಪ್ಪಿಸಿ, ಸ್ಪ್ಯಾನರು ಹಿಡಿದು ಮಿಲ್ಲಿನ ಕಡೆಗೆ ಮೆಟ್ಟಿಲಿಳಿಯತೊಡಗಿದ.

ಅಜ್ಜಿ ಯಂತ್ರದ ಮುಂದೆ ಕಾಲು ಚಾಚಿ ಕೂತರು. "ಏನಾರ ಆಗ್ಲಿ, ತಣ್ಣಗೆ ಗಾಳಿ ಬತ್ತಾ ಐತೆ. ಎಲ್ಲಿಂದ ಬತ್ತೈತವ್ವಾ ಇದು?"

ನಾಲ್ಕು ಜನರೆದುರು ಎಂದೂ ಬಾಯಿ ತೆರೆಯದ ಸುಚಿತ್ರಾ ಮೆಟ್ಟಿಲ ಕಡೆ ಬಗ್ಗಿ ಕೂಗಿದಳು:

"ಅಪ್ಪಾ, ನಿಂತ್ಕೊ! ಅದು ಕರೆಂಟು ಕೊಡ್ತಿಲ್ಲ, ಕುಡೀತಾ ಐತೆ. ನಾನು ಮಾಡಿರೋದು ಫ್ಯಾನು!"