ಪಿಸ್ತೂಲಿಗೆ ಗ್ರೀಸೋ ಎಣ್ಣೆಯೋ

ಮಾತು ಬಾರದವರಿಗೆ ಮಾತನಾಡಲು ಒಂದು ವಿಷಯ ಬೇಕು. ಮಾತು ಬಲ್ಲವರು ಯಾವ ವಿಷಯವೂ ಇಲ್ಲದೆ ಕಾಪುವಿನಲ್ಲಿ ಬಸ್ಸು ಹತ್ತಿ ಉಡುಪಿಯವರೆಗೂ ಮಾತನಾಡಬಲ್ಲರು. ನನ್ನಂಥವಳಿಗೆ "ಹೇಗಿದ್ದೀರಿ" ಎಂದು ಕೇಳುವುದಕ್ಕೂ ಒಂದು ಸರಿಯಾದ ಕಾರಣ ಬೇಕಾಗುತ್ತದೆ. ಕೆಲವರು ಮಳೆಯನ್ನು ಹಿಡಿದುಕೊಳ್ಳುತ್ತಾರೆ, ಕೆಲವರು ಬಂಗುಡೆಯ ದರವನ್ನು. ನನಗೆ ಸಿಕ್ಕಿದ್ದು ಪಿಸ್ತೂಲು. ಇನ್ನೂ ಖಚಿತವಾಗಿ ಹೇಳುವುದಾದರೆ, ಪಿಸ್ತೂಲಿಗೆ ಗ್ರೀಸ್ ಹಚ್ಚಬೇಕೋ ಎಣ್ಣೆ ಬಿಡಬೇಕೋ ಎಂಬ ಪ್ರಶ್ನೆ.

ಗಾಬರಿಯಾಗಬೇಡಿ. ನಾನು ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಬಿಳಿ ಪುಡಿಗಳನ್ನು ತೂಗಿ ಶೀಷೆಗಳಿಗೆ ಚೀಟಿ ಅಂಟಿಸುವ ನಿರುಪದ್ರವಿ. ಭಾನುವಾರ ಮಾತ್ರ ಕಾರ್ಕಳದ ದಾರಿಯಲ್ಲಿರುವ ಹಳೆಯ ಕಲ್ಲುಕೋರೆಗೆ ಹೋಗುತ್ತೇನೆ. ಅಲ್ಲಿ ನಮ್ಮದೊಂದು ಪುಟ್ಟ ಗುರಿಕಾರರ ಕ್ಲಬ್ಬು ಉಂಟು. ಕಾಗದದ ವೃತ್ತಕ್ಕೆ ಗುಂಡು ಹೊಡೆಯುವುದು, ಆಮೇಲೆ ಕಾಗದದ ಹತ್ತಿರ ಹೋಗಿ ವಿಷಾದದಿಂದ ನೋಡುವುದು, ಇಷ್ಟೇ ನಮ್ಮ ಆಟ. ಯಾರೂ ಮಾತನಾಡಿಸದ, ಕಿವಿಗೆ ಮುಚ್ಚಳ ಹಾಕಿಕೊಂಡೇ ಆಡಬೇಕಾದ ಆಟವೆಂಬ ಕಾರಣಕ್ಕೇ ಅದನ್ನು ಆರಿಸಿಕೊಂಡಿದ್ದೆ. ಆದರೆ ಆಟ ಮುಗಿದ ಮೇಲೆ ಪಿಸ್ತೂಲನ್ನು ಶುದ್ಧಮಾಡಬೇಕು, ಅದನ್ನು ಯಾರಾದರೂ ಕಲಿಸಿಕೊಡಬೇಕು ಎಂಬುದು ನನ್ನ ಲೆಕ್ಕಾಚಾರದಲ್ಲಿ ಇರಲಿಲ್ಲ.

ಕಲಿಸಿದವರು ಪ್ರಶಾಂತ್. ಹೆಜಮಾಡಿಯವರು, ಸರಕು ಹಡಗಿನಲ್ಲಿ ಇಂಜಿನಿಯರು. ರಜೆಯಲ್ಲಿ ಊರಿಗೆ ಬಂದರೆ ಸುಮ್ಮನೆ ಕೂರಲಾಗದೆ ಕ್ಲಬ್ಬಿನ ಪಿಸ್ತೂಲುಗಳನ್ನು ಬಿಚ್ಚುತ್ತ ಕೂರುವ ಮನುಷ್ಯ. ಇಬ್ಬರೂ ತುಳುವರಾಗಿದ್ದರೂ ನಾವು ಮಾತನಾಡುವುದು ಕನ್ನಡದಲ್ಲಿ. ಅದೂ 'ನೀವು' ಹಾಕಿ, ಬ್ಯಾಂಕಿನ ಕೌಂಟರಿನಲ್ಲಿ ನಿಂತವರ ಹಾಗೆ. ಮೊದಲ ದಿನ ನಾನು ಶುದ್ಧಮಾಡಿದ ಪಿಸ್ತೂಲನ್ನು ಅವರು ಓರೆಯಾಗಿ ಹಿಡಿದರು. ಎಣ್ಣೆ ತೊಟತೊಟ ಮೇಜಿನ ಮೇಲೆ ಬಿತ್ತು. "ಇದು ಎಣ್ಣೆ ಹಾಕಿದ್ದಲ್ಲ ಮಾರಾಯ್ರೇ, ದೀಪಾವಳಿಗೆ ಅಭ್ಯಂಜನ ಮಾಡಿಸಿದ್ದು," ಎಂದರು. ಅರೆಸ್ವಯಂಚಾಲಿತ ಪಿಸ್ತೂಲಿನ ಮೇಲ್ಭಾಗ, ಸ್ಲೈಡ್ ಅನ್ನುತ್ತಾರೆ, ಒಂದೊಂದು ಗುಂಡಿಗೂ ಹಿಂದಕ್ಕೆ ಜಾರಿ ಮುಂದಕ್ಕೆ ಬಂದು ಮುಂದಿನ ಗುಂಡನ್ನು ಒಳಗೆ ತಳ್ಳುತ್ತದೆ. "ಜಾರುವ ಕಡೆ ತುಸು ಗ್ರೀಸ್, ತಿರುಗುವ ಕಡೆ ಒಂದು ಹನಿ ಎಣ್ಣೆ. ಅಷ್ಟೇ," ಎಂದು ಅವರು ಹೇಳಿದ್ದು ನನಗೆ ಒಂದೇ ಸಲಕ್ಕೆ ಅರ್ಥವಾಗಿತ್ತು. ಸ್ನಾತಕೋತ್ತರ ಪದವೀಧರೆ ನಾನು. ಇದು ಅರ್ಥವಾಗದೆ ಇರಲು ಸಾಧ್ಯವೇ?

ರಜೆ ಮುಗಿದು ಹೊರಡುವ ದಿನ ಅವರು ಕ್ಲಬ್ಬಿನ ಪಿಸ್ತೂಲುಗಳ ಕಪಾಟಿನ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು "ನೋಡಿಕೊಳ್ಳಿ" ಎಂದರು. "ಆಯಿತು" ಎಂದೆ. ಎರಡು ಪದಗಳ ಈ ಸಂಭಾಷಣೆಯನ್ನು ನಾನು ಎಷ್ಟು ಕಡೆಯಿಂದ ತಿರುಗಿಸಿ ನೋಡಿದ್ದೇನೆಂದರೆ, ಅದರ ಹೊಳಪೇ ಸವೆದುಹೋಗಿದೆ.

ಹಡಗು ಹೋದ ಮೇಲೆ ನನಗೆ ಸಂದೇಹಗಳು ಹುಟ್ಟತೊಡಗಿದವು. ಮಳೆಗಾಲದ ತೇವಕ್ಕೆ ಗ್ರೀಸ್ ಒಳ್ಳೆಯದೋ ಎಣ್ಣೆಯೋ ಎಂದು ಸಂದೇಶ ಕಳಿಸಿದೆ. ಬಿಸಿಲು ಬಂದಾಗ, ಸೆಕೆಗೆ ಎಣ್ಣೆ ಹರಿದುಹೋಗುವುದಿಲ್ಲವೇ ಎಂದು ಕೇಳಿದೆ. ಉಪ್ಪುಗಾಳಿಯ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸಿದೆ. ನಮ್ಮ ಕರಾವಳಿಗೆ ಇಷ್ಟೊಂದು ಬಗೆಯ ಹವೆ ಇರುವುದಕ್ಕೆ ನಾನು ಕೃತಜ್ಞಳು. ಉತ್ತರ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ನಡುಗಡಲಲ್ಲಿ ಸಂಪರ್ಕವಿರುವುದಿಲ್ಲ, ಬಂದರು ತಲುಪಬೇಕು. ಊರಿನ ಹೆಸರೇ ಸರಿಯಾಗಿ ಉಚ್ಚರಿಸಲಾಗದ ಬಂದರುಗಳನ್ನು ನಕ್ಷೆಯಲ್ಲಿ ಹುಡುಕುವುದನ್ನು ಕಲಿತೆ. ಅಲ್ಲಿ ಈಗ ಸೆಕೆಯೋ ಚಳಿಯೋ ಎಂದು ನೋಡುತ್ತೇನೆ. ಗ್ರೀಸಿನ ದೃಷ್ಟಿಯಿಂದ.

ಮನೆಯಲ್ಲಿ ಈ ವಿಷಯಕ್ಕೆ ಸಲಹೆಗಾರರ ಕೊರತೆ ಇಲ್ಲ. ಅಮ್ಮನ ಮತ ತೆಂಗಿನೆಣ್ಣೆಗೆ. "ತಲೆಗೂ ಅದೇ, ದೋಸೆ ಕಾವಲಿಗೂ ಅದೇ. ನಿನ್ನ ಪಿಸ್ತೂಲಿಗೆ ಮಾತ್ರ ಎಂತ ಅಷ್ಟು ದೊಡ್ಡಸ್ತಿಕೆ?" ಅಮ್ಮನ ಅಣ್ಣ, ಮಲ್ಪೆಯಲ್ಲಿ ಬೋಟು ಇಟ್ಟುಕೊಂಡಿರುವ ನನ್ನ ಮಾವ, ಗ್ರೀಸಿನ ಪಕ್ಷ. ಬೋಟಿನ ಯಾವ ಭಾಗಕ್ಕೂ ಅವರು ಗ್ರೀಸನ್ನು ಬೆರಳಲ್ಲಿ ಹಚ್ಚಿದವರಲ್ಲ, ಅಂಗೈಯಲ್ಲಿ ಮೆತ್ತಿದವರು. ಒಮ್ಮೆ ಅವರು ಊಟದ ನಡುವೆ ಕೇಳಿಯೇಬಿಟ್ಟರು: "ಅಲ್ಲ ಮಗಳೇ, ಫೋನಿನಲ್ಲಿ ಯಾರ ಹತ್ತಿರ ಇಷ್ಟು ಗ್ರೀಸ್ ವಿಚಾರ?"

"ಕ್ಲಬ್ಬಿನವರು, ಮಾವ."

"ಕ್ಲಬ್ಬಿನವರಿಗೆ ಹೆಸರು ಇಲ್ಲವಾ?"

"ಅಣ್ಣ, ಅವಳನ್ನು ಕೇಳಿ ಪ್ರಯೋಜನ ಇಲ್ಲ," ಎಂದಳು ಅಮ್ಮ ಸಾರು ಬಡಿಸುತ್ತ. "ಅವಳ ಬಾಯಿಗೇ ಮೊದಲು ನಿಮ್ಮ ಗ್ರೀಸ್ ಹಾಕಬೇಕು."

ಈ ಇಬ್ಬರು ತಜ್ಞರೂ ಈ ಸಲದ ಆಯುಧಪೂಜೆಗೆ ಕ್ಲಬ್ಬಿಗೆ ಬಂದರು. ಪೂಜೆಯ ಕ್ರಮ ಗೊತ್ತಿರುವವರು ಕ್ಲಬ್ಬಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ ನಾನೇ ಅಮ್ಮನನ್ನು ಕರೆದಿದ್ದೆ. ಕಾರು ಓಡಿಸಿಕೊಂಡು ಮಾವ ಬಂದರು. ಅಮ್ಮನಿಗೆ ಮಹದಾನಂದ. ಇಷ್ಟು ವರ್ಷ ಮಿಕ್ಸಿ, ಕತ್ತಿಮಣೆ, ಸ್ಕೂಟರುಗಳಿಗೇ ಆಯುಧವೆಂದು ಕುಂಕುಮವಿಟ್ಟವಳ ಎದುರು ಈಗ ಬಾಳೆಲೆಯ ಮೇಲೆ ನಿಜವಾದ ಆಯುಧ ಮಲಗಿತ್ತು. ನಾನು ಪೂಜೆಯ ಹಿಂಗಾರ, ಅಡಿಕೆಯ ಹೂಗೊನೆ, ತರಲು ಕಾರಿನವರೆಗೆ ಹೋಗಿಬರುವಷ್ಟರಲ್ಲಿ ಮಾವ "ಒಣಗಿದೆಯಲ್ಲ ಇದು" ಎಂದು ಮರುಗಿ, ಜೊತೆಗೆ ತಂದಿದ್ದ ಬೋಟಿನ ಗ್ರೀಸನ್ನು ಸ್ಲೈಡಿನ ಸಂದುಗೊಂದುಗಳಿಗೆ ಧಾರಾಳವಾಗಿ ತುಂಬಿದ್ದರು. ಅದರ ಮೇಲೆ ಅಮ್ಮ ಅರಸಿನ, ಕುಂಕುಮ, ಅಕ್ಷತೆಗಳನ್ನು ಮನಸಾರೆ ಸುರಿದಿದ್ದಳು. ಮಂಗಳಾರತಿಯಾದ ಮೇಲೆ ಸ್ಲೈಡನ್ನು ಎಳೆದು ನೋಡಿದೆ. ಅದು ಕರಕರ ಎಂದು ಅರ್ಧಕ್ಕೆ ಬಂದು ನಿಂತಿತು. ಸಂದಿನಿಂದ ಕೆಂಪು ಗ್ರೀಸು ಒಂದು ಅಕ್ಕಿಕಾಳಿನ ಸಮೇತ ಹೊರಗೆ ಇಣುಕಿತು.

ನನಗೆ ಸಿಟ್ಟು ಬರಬೇಕಿತ್ತು. ನಿಜ ಹೇಳುತ್ತೇನೆ, ಎದೆ ಹಗುರವಾಯಿತು. ಕೊನೆಗೂ ನನ್ನ ಬಳಿ ಒಂದು ಅಪ್ಪಟ ಸಮಸ್ಯೆ ಇತ್ತು! ಫೋಟೋ ತೆಗೆದು ಆಗಲೇ ಕಳಿಸಿದೆ: "ಇಂಥ ಸಂದರ್ಭದಲ್ಲಿ ಗ್ರೀಸೋ ಎಣ್ಣೆಯೋ?"

ಉತ್ತರ ಬರುವಷ್ಟರಲ್ಲಿ ಹಬ್ಬದ ಮೂಡೆ ಕಡುಬಿಗೆ ಕಟ್ಟಿದ ಎಲೆ ಒಣಗುವಷ್ಟು ದಿನಗಳಾಗಿದ್ದವು. ಅಷ್ಟರೊಳಗೆ ನಾನು ಪಿಸ್ತೂಲನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಜಾರುವ ಕಡೆ ತುಸು ಗ್ರೀಸ್, ತಿರುಗುವ ಕಡೆ ಒಂದು ಹನಿ ಎಣ್ಣೆ ಹಾಕಿ ಮೊದಲಿನಂತೆ ಮಾಡಿಟ್ಟಿದ್ದೆ. ಪ್ರಶಾಂತರ ಸಂದೇಶದಲ್ಲಿಯೂ ಇದೇ ಕ್ರಮ ವಿವರವಾಗಿತ್ತು. ಮೊದಲ ಸಾಲಿನಲ್ಲಿ ಮಾತ್ರ, "ನಿಮ್ಮ ಅಮ್ಮನಿಗೆ ನಮಸ್ಕಾರ. ಆ ಅಕ್ಕಿಕಾಳು ನೋಡಿ ಇಡೀ ಇಂಜಿನ್ ರೂಮ್ ನಕ್ಕಿತು," ಎಂದಿತ್ತು. ಕೊನೆಯಲ್ಲಿ, ಒಂದು ಸಾಲು ಬಿಟ್ಟು, ಹೀಗಿತ್ತು: "ಇದೆಲ್ಲ ನಿಮಗೆ ಗೊತ್ತುಂಟು ಅಂತ ನನಗೆ ಗೊತ್ತುಂಟು. ಬೇರೆ ಎಂತಾದರೂ ಕೇಳ್ಲಿಕ್ಕೆ ಉಂಟಾ?"

ಪ್ರಯೋಗಾಲಯದ ತಕ್ಕಡಿಯ ಮುಂದೆ ಕುಳಿತು ಅದನ್ನು ಓದಿದೆ. ಕೇಳಲಿಕ್ಕೆ ಇತ್ತು. ಊರಿಗೆ ಬರುವುದು ಯಾವಾಗ, ಅಲ್ಲಿ ಊಟ ಸೇರುತ್ತದೆಯೇ, ಆ ಬೀಗದ ಕೈಯನ್ನು ನನಗೇ ಏಕೆ ಕೊಟ್ಟಿರಿ. ಒಂದೊಂದನ್ನೂ ಬರೆದೆ, ಅಳಿಸಿದೆ. ಅವರು ಆ ಕಡೆ ಆನ್‌ಲೈನಿನಲ್ಲಿ ಕಾಯುತ್ತಿರುವುದು ಪರದೆಯ ಮೇಲೆ ಕಾಣುತ್ತಿತ್ತು. ಹಡಗು ಬಂದರು ಬಿಟ್ಟರೆ ಮುಗಿಯಿತು. ಕೊನೆಗೆ ನನ್ನ ಎಲ್ಲ ವಿದ್ಯೆಯನ್ನೂ ಧೈರ್ಯವನ್ನೂ ಒಟ್ಟುಗೂಡಿಸಿ ಕಳಿಸಿದೆ:

"ಸ್ಪ್ರಿಂಗಿಗೆ ಏನು ಹಾಕುವುದು?"

ಕಳಿಸಿದ ಮರುಕ್ಷಣ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಉತ್ತರ ಬಂತು: "ಸ್ಪ್ರಿಂಗಿನದು ಬರೆದು ತಿಳಿಸುವಂಥದ್ದಲ್ಲ. ಬಂದು ತೋರಿಸಬೇಕಾಗುತ್ತದೆ."

ಇದು ತಪ್ಪು. ಸ್ಪ್ರಿಂಗಿಗೆ ಎಣ್ಣೆ ಸವರಿದ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು, ಬರೆದು ತಿಳಿಸಲು ಒಂದು ಸಾಲು ಧಾರಾಳ. ಹೆಜಮಾಡಿಯ ಆ ಇಂಜಿನಿಯರಿಗೆ ಇದು ಗೊತ್ತಿಲ್ಲವೆಂದು ನಂಬಲು ನಾನು ಸಿದ್ಧಳಿಲ್ಲ. ಸಹೋದ್ಯೋಗಿಗಳ ವರದಿಯಲ್ಲಿ ದಶಾಂಶ ಬಿಂದು ಕದಲಿದರೂ ಕೆಂಪು ಶಾಯಿಯಲ್ಲಿ ಸುತ್ತು ಹಾಕುವವಳು ನಾನು. ಆದರೂ ಈ ತಾಂತ್ರಿಕ ದೋಷವನ್ನು ತಿದ್ದಲು ಹೋಗಲಿಲ್ಲ. "ಆಗಲಿ" ಎಂದಷ್ಟೇ ಬರೆದೆ. ಯಾವಾಗ ಎಂದು ಕೇಳಲು ಮಾತ್ರ, ಎಂದಿನಂತೆ, ಮರೆತೆ.