ಸೂರ್ಯ ಉಂಟಾ ಮಾಸ್ಟ್ರೇ?

ಭೂಮಿ ತಿರುಗುತ್ತದೆ ಎಂದು ಮಕ್ಕಳಿಗೆ ಹೇಳುವುದೇ ನನ್ನ ಉದ್ಯೋಗವಾಗಿದ್ದರೂ, ಅದು ತಿರುಗುವುದು ಒಂದು ದಿನವೂ ನನ್ನ ಅನುಭವಕ್ಕೆ ಬಂದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಂಟ್ವಾಳದಿಂದ ಮೂಡುಬಿದಿರೆಗೆ ಬರುವ ಬಸ್ಸು ತಿರುಗಿದರೆ ಗೊತ್ತಾಗುತ್ತದೆ, ಹೊಟ್ಟೆ ತೊಳಸುತ್ತದೆ. ಭೂಮಿ ಅದಕ್ಕಿಂತ ಎಷ್ಟೋ ಜೋರಾಗಿ ತಿರುಗುವಾಗ ಕೈಯಲ್ಲಿರುವ ಲೋಟದ ಚಹಾ ಕೂಡ ತುಳುಕುವುದಿಲ್ಲ. ಭೂಗೋಳದ ಮಾಸ್ಟ್ರುಗಳ ಇನ್ನೊಂದು ಕಷ್ಟವೆಂದರೆ, ಊರಿನವರು ಹವಾಮಾನದ ಹೊಣೆಯನ್ನೆಲ್ಲ ನಮ್ಮ ತಲೆಗೆ ಕಟ್ಟುವುದು. ಮಳೆ ಯಾಕೆ ಬರುತ್ತದೆ ಎಂದು ಕೇಳಿದರೆ ನಾನು ಒಂದು ಪೀರಿಯಡ್ಡು ಮಾತಾಡಬಲ್ಲೆ. ಇವತ್ತು ಬರುತ್ತದಾ ಎಂದು ಕೇಳಿದರೆ ಎಲ್ಲರ ಹಾಗೆ ನಾನೂ ಬಾಗಿಲಿಗೆ ಬಂದು ಮೇಲೆ ನೋಡಬೇಕು.

ಐವತ್ತರ ದಶಕದ ಕೊನೆಯಲ್ಲಿ ಮೂಡುಬಿದಿರೆಯ ಹೈಸ್ಕೂಲಿಗೆ ನಾನು ಸೇರಿದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಬಸದಿಯ ಹತ್ತಿರದ ಒಂದು ಜೈನರ ಮನೆಯಲ್ಲಿ ಎದುರಿನ ಕೋಣೆ ಸಿಕ್ಕಿತು, ಊಟವೂ ಅಲ್ಲೇ. ಮನೆಯ ಯಜಮಾನಿ ಪದ್ಮಾವತಿಯಮ್ಮ. ಎಪ್ಪತ್ತರ ಆಸುಪಾಸು, ಹಕ್ಕಿಯಂಥ ಮೈ. ಮನೆಯಲ್ಲಿ ಎಲ್ಲರೂ ತುಳು ಮಾತಾಡಿದರೂ ಮಾಸ್ಟ್ರ ಹತ್ತಿರ ಕನ್ನಡವೇ ಆಡಬೇಕೆಂಬುದು ಅವರ ಮರ್ಯಾದೆ. ಹಾಗಾಗಿ ‘ಮಾಸ್ಟ್ರೇ, ಬಟ್ಟಲು ಇಟ್ಟಾಗಿದೆ, ದಯಮಾಡಬೇಕು’ ಎಂದು ಪುರಾಣದ ಭಾಷೆಯಲ್ಲಿ ಕರೆಯುತ್ತಿದ್ದರು. ಅವರ ಮಗ ಪೇಟೆಯಲ್ಲಿ ಜವಳಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಅಡುಗೆಮನೆ ಸೊಸೆ ಸುಮತಿಯಕ್ಕನದು.

ತೊಂದರೆ ಒಂದೇ. ಆ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಪದ್ಮಾವತಿಯಮ್ಮನಿಗಂತೂ ಮುಳುಗುವುದಕ್ಕೆ ಎರಡು ಗಳಿಗೆ ಮೊದಲೇ ಕೈ ತೊಳೆದು ಆಗಬೇಕು. ಕತ್ತಲಲ್ಲಿ ಉಂಡರೆ ಕಾಣದ ಹುಳಹುಪ್ಪಟೆ ಬಾಯಿಗೆ ಹೋದೀತು, ಒಂದು ಜೀವ ನಮ್ಮಿಂದ ಸತ್ತೀತು ಎಂಬ ದಯೆಯ ನಿಯಮ ಅದು. ನಾನು ಬಂಟ್ವಾಳದ ಹತ್ತಿರದ ನರಿಕೊಂಬಿನವನು. ನಮ್ಮ ಮನೆಯಲ್ಲಿ ರಾತ್ರಿ ಭಜನೆ ಮುಗಿದ ಮೇಲೆಯೇ ಎಲೆ ಹಾಕುವುದು. ಹಗಲಿನ ಬೆಳಕಿನಲ್ಲಿ ರಾತ್ರಿಯೂಟ ಮುಗಿಸಿದ ನನ್ನ ಹೊಟ್ಟೆ, ಮಲಗುವ ಹೊತ್ತಿಗೆ ಬೇರೆಯೇ ಒಂದು ಭಜನೆ ಸುರುಮಾಡುತ್ತಿತ್ತು. ಪೆಟ್ಟಿಗೆಯಲ್ಲಿ ಬಟ್ಟೆಯ ಅಡಿಯಲ್ಲಿ ಬಾಳೆಹಣ್ಣು ಇಟ್ಟುಕೊಳ್ಳುವುದನ್ನು ಕಲಿತೆ. ಅದರ ಪರಿಮಳ ಇಡೀ ಮನೆಗೆ ಗೊತ್ತಿತ್ತು.

ಬೇಸಗೆಯಲ್ಲಿ ಈ ನಿಯಮದಿಂದ ಏನೂ ತಕರಾರಿಲ್ಲ. ಚಾವಡಿಯ ಗೋಡೆಯ ಮೇಲೆ ಬಿಸಿಲು ಇಂತಲ್ಲಿಗೆ ಬಂದಾಗ ಊಟ ಎಂದು ಲೆಕ್ಕ. ಮಳೆಗಾಲದಲ್ಲಿ ಮಾತ್ರ ಗೋಡೆಯೂ ಕಪ್ಪು, ಆಕಾಶವೂ ಕಪ್ಪು. ಗೋಡೆಯ ಗಡಿಯಾರ ಆ ಥಂಡಿಗೆ ನಿಂತುಹೋಗುತ್ತಿತ್ತು. ನನ್ನ ಕೈಗಡಿಯಾರ ತೋರಿಸಿದರೆ ಪದ್ಮಾವತಿಯಮ್ಮ, ‘ಇದು ಯಾವ ಊರಿನ ಹೊತ್ತು?’ ಎಂದರು. ನಾನು ಪೆದ್ದನಂತೆ ನಿಜ ಹೇಳಿದೆ. ಇದು ಅಲಹಾಬಾದಿನ ಕಡೆಯ ಹೊತ್ತು, ನಾವು ಅದಕ್ಕಿಂತ ಪಶ್ಚಿಮಕ್ಕಿರುವುದರಿಂದ ನಮ್ಮ ಸೂರ್ಯ ಸುಮಾರು ಅರ್ಧ ಗಂಟೆ ತಡ ಎಂದೆ. ‘ನೋಡಿ, ಅಲಹಾಬಾದಿನ ಗಡಿಯಾರ ಕಟ್ಟಿಕೊಂಡು ನಾನು ಮೂಡುಬಿದಿರೆಯಲ್ಲಿ ಹೇಗೆ ಉಣ್ಣುವುದು?’ ಎಂದರು. ಅಲ್ಲಿಗೆ ಕೈಗಡಿಯಾರದ ಕತೆ ಮುಗಿಯಿತು.

ಆಮೇಲೆ ನಾನು ಶಾಸ್ತ್ರೀಯವಾಗಿ ತಿಳಿಸಲು ಹೊರಟೆ. ಮಾಡಿನ ಜಂತಿಗೆ ಬಾಳೆಹಗ್ಗದಲ್ಲಿ ಕಟ್ಟಿದ್ದ ಒಂದು ಗುಂಡನೆಯ ಸೌತೆಕಾಯಿ ಇಳಿಸಿಕೊಂಡು, ಚಿಮಿಣಿ ದೀಪವನ್ನು ಸೂರ್ಯನೆಂದು ಇಟ್ಟು, ‘ಇದು ಭೂಮಿ, ಹೀಗೆ ಸ್ವಲ್ಪ ಓರೆಯಾಗಿ ನಿಂತು ತಿರುಗುತ್ತದೆ. ಮಳೆಗಾಲದಲ್ಲಿ ನಮ್ಮ ಬದಿ ಸೂರ್ಯನ ಕಡೆಗೆ ವಾಲಿರುತ್ತದೆ. ಆದ್ದರಿಂದ ಹಗಲು ಉದ್ದ. ಮೋಡ ಎಷ್ಟೇ ಇರಲಿ, ಸೂರ್ಯ ಈಗ ಬೇಗ ಮುಳುಗುವುದೇ ಇಲ್ಲ’ ಎಂದೆ. ಪದ್ಮಾವತಿಯಮ್ಮ ಸೌತೆಕಾಯಿಯನ್ನೇ ನೋಡುತ್ತ, ‘ಮೊದಲೇ ಓರೆ. ಮೇಲಿಂದ ತಿರುಗುವುದು ಬೇರೆ. ಪಾಪ’ ಎಂದರು. ಮತ್ತೆ, ‘ನಮ್ಮ ಶಾಸ್ತ್ರದಲ್ಲಿ ಸೂರ್ಯ ಇಬ್ಬರು ಮಾಸ್ಟ್ರೇ’ ಎಂದರು.

‘ಒಬ್ಬನೇ ಕಾಣುವುದಿಲ್ಲ ಅಮ್ಮ, ಇನ್ನು ಇಬ್ಬರನ್ನು ಎಲ್ಲಿ ಹುಡುಕುವುದು?’

‘ಅದಕ್ಕೇ ಇಬ್ಬರಿರುವುದು’ ಎಂದು ನಕ್ಕರು. ಮಾರನೆಯ ದಿನ ಸುಮತಿಯಕ್ಕ ಆ ಸೌತೆಕಾಯಿಯಿಂದ ಹುಳಿ ಮಾಡಿದರು. ಭೂಮಂಡಲವನ್ನು ನಾನು ಅನ್ನದೊಡನೆ ಕಲಸಿ ಉಂಡೆ. ರುಚಿಯಾಗಿತ್ತು.

ಆ ವರ್ಷ ಆಷಾಢದ ಮಳೆ ಬಿಟ್ಟುಬಿಡದೆ ಹೊಡೆಯುತ್ತಿದ್ದಾಗ ನಗುವ ವಿಷಯ ನಗುವಂತೆ ಉಳಿಯಲಿಲ್ಲ. ಚತುರ್ದಶಿಯ ದಿನ ಪದ್ಮಾವತಿಯಮ್ಮ ನೀರೂ ಮುಟ್ಟದೆ ಉಪವಾಸವಿದ್ದರು. ಮರುದಿನ ಬೆಳಿಗ್ಗೆ ಊಟಕ್ಕೆ ಕೂತು ಮೊದಲ ತುತ್ತು ಎತ್ತುವಾಗ ಬಟ್ಟಲಿನಲ್ಲಿ ಒಂದು ಇರುವೆ ಸತ್ತು ಬಿದ್ದಿರುವುದು ಕಂಡಿತು. ಹಾಗೆ ಕಂಡರೆ ಆ ಹೊತ್ತಿನ ಊಟ ಬಿಡಬೇಕು, ಅದಕ್ಕೆ ಅಂತರಾಯ ಅನ್ನುತ್ತಾರೆ. ಅವರು ಎದ್ದು ಕೈ ತೊಳೆದರು. ಇನ್ನು ಸಂಜೆಗೇ. ಸಂಜೆ ನಾನು ಶಾಲೆಯಿಂದ ಬರುವಾಗ ಆಗಲೇ ರಾತ್ರಿಯಾದಂತೆ ಮೋಡ ಕವಿದಿತ್ತು. ಪದ್ಮಾವತಿಯಮ್ಮ ಗೋಡೆಗೆ ಒರಗಿ ಕೂತಿದ್ದರು. ತುಟಿ ಒಣಗಿತ್ತು. ಸುಮತಿಯಕ್ಕ ಪಾತ್ರೆಗಳಿಗೆ ಮುಚ್ಚಳ ಹಾಕಿ ಕಣ್ಣೊರೆಸಿಕೊಳ್ಳುತ್ತಿದ್ದರು.

‘ಮುಳುಗಿ ಆಯ್ತಂತೆ’ ಎಂದರು ಸುಮತಿಯಕ್ಕ. ‘ನೀವಾದರೂ ಹೇಳಿ ಮಾಸ್ಟ್ರೇ. ನಿನ್ನೆಯಿಂದ ಹೊಟ್ಟೆಗೆ ಏನೂ ಇಲ್ಲ. ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ತಲೆ ತಿರುಗಿ ಕೂತುಬಿಟ್ಟಿದ್ದರು.’

‘ಅಮ್ಮ, ಸೂರ್ಯ ಉಂಟು. ಇನ್ನೂ ಬೇಕಾದಷ್ಟು ಹೊತ್ತು ಉಂಟು’ ಎಂದೆ.

‘ನೀವು ಕಂಡಿರಾ?’

‘ಕಾಣಲಿಲ್ಲ.’

‘ಕಾಣದೆ ಹೇಗೆ ಹೇಳುವುದು?’ ಎಂದು ಕಣ್ಣು ಮುಚ್ಚಿದರು.

‘ಈ ಮಳೆಗೆ ಒಂದು ಗಳಿಗೆಯಾದರೂ ನಿಲ್ಲಲಿಕ್ಕೆ ಏನು ರೋಗ!’ ಎಂದು ಸುಮತಿಯಕ್ಕ ಸಿಟ್ಟಿನಿಂದ ಹೇಳಿದರು. ಮಾಸ್ಟ್ರುಗಳ ಚಾಳಿ, ಅಂಥ ಹೊತ್ತಿನಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ. ಬೇಸಗೆಯಲ್ಲಿ ಉತ್ತರದ ನೆಲ ಕಾದು ಅಲ್ಲಿನ ಗಾಳಿ ಮೇಲೇರುತ್ತದೆ, ಆ ಜಾಗ ತುಂಬಲು ಸಮಭಾಜಕದ ಆಚೆಯ ಸಮುದ್ರದಿಂದ ಗಾಳಿ ಹೊರಡುತ್ತದೆ, ಭೂಮಿ ತಿರುಗುವುದರಿಂದ ದಾರಿಯಲ್ಲಿ ಓರೆಯಾಗಿ ನೈಋತ್ಯದಿಂದ ನುಗ್ಗುತ್ತದೆ, ಬರುವಾಗ ಸಮುದ್ರದ ನೀರನ್ನೆಲ್ಲ ಆವಿಯಾಗಿ ಹೊತ್ತು ತಂದು, ಮುಂಡಾಜೆಯ ಆಚೆ ಚಾರ್ಮಾಡಿಯ ಬೆಟ್ಟಕ್ಕೆ ತಾಗಿ ಮೇಲೇರಿ ತಣಿದು ಸುರಿಸುತ್ತದೆ ಎಂದು ಒಂದೇ ಉಸಿರಿಗೆ ಹೇಳಿದೆ. ಸುಮತಿಯಕ್ಕ ನನ್ನನ್ನು ನೋಡಿದ ನೋಟ ಈಗ ಬರೆಯುವುದು ಬೇಡ. ಪದ್ಮಾವತಿಯಮ್ಮ ಮಾತ್ರ ಕಣ್ಣು ತೆರೆಯದೆ, ‘ಅಷ್ಟು ದೂರದಿಂದ ಬಂದದ್ದಾ? ಹಾಗಾದರೆ ಬೈಯಬೇಡ ಸುಮತಿ’ ಎಂದರು.

ನಾನು ಕೊಡೆ ತೆಗೆದುಕೊಂಡು ಹೊರಟೆ. ಊರಿನ ಹೊರಗೆ ಒಂದು ಪಾದೆ ಉಂಟು. ಆ ಬಂಡೆಯ ಮೇಲೆ ನಿಂತರೆ ಪಶ್ಚಿಮ ಇಡೀ ತೆರೆದಂತೆ ಕಾಣುತ್ತದೆ. ಸಮುದ್ರದ ಕಡೆ ಮೋಡ ಒಮ್ಮೊಮ್ಮೆ ಹರಿಯುವುದನ್ನು ನೋಡಿದ್ದೆ. ಅರ್ಧ ದಾರಿಯಲ್ಲಿ ಕೊಡೆ ಮಗುಚಿ ಕಡ್ಡಿ ಮುರಿಯಿತು. ಪಾದೆಯ ಮೇಲೆ ಚಳಿಗೆ ನಡುಗುತ್ತ ನಿಂತು, ಜೀವನದಲ್ಲಿ ಮೊದಲ ಸಲ ಸೂರ್ಯನಿಗಾಗಿ ಕಾದೆ. ಪಾಠ ಮಾಡುವಾಗ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಸೊನ್ನೆ ಸುತ್ತಿದರೆ ಸೂರ್ಯ ಆಗುತ್ತಾನೆ. ಇಲ್ಲಿ ಆಗಲಿಲ್ಲ. ಕೊನೆಗೆ ಮೋಡದ ಒಂದು ಸೀಳಿನಿಂದ, ತೊಳೆದಿಟ್ಟ ತಟ್ಟೆಯಂತೆ, ಕಂಡ! ನಾನು ಓಡಿದೆ. ಪೇಟೆಯ ಬೀದಿಯಲ್ಲಿ, ಮುರಿದ ಕೊಡೆ ಹಿಡಿದು, ‘ಉಂಟು, ಉಂಟು’ ಎಂದು ಕೂಗುತ್ತ ಓಡಿದ ಮಾಸ್ಟ್ರನ್ನು ಎಷ್ಟು ಮಂದಿ ಶಿಷ್ಯರು ನೋಡಿದರೋ ದೇವರಿಗೇ ಗೊತ್ತು.

‘ಎಷ್ಟು ಎತ್ತರದಲ್ಲಿ ಉಂಟು?’ ಪದ್ಮಾವತಿಯಮ್ಮ ಕೇಳಿದರು.

‘ಎರಡು ತೆಂಗಿನ ಮರದಷ್ಟು ಮೇಲೆ ಅಮ್ಮ. ಕಣ್ಣಾರೆ ಕಂಡೆ.’

ಅವರು ನನ್ನ ನೀರಿಳಿಯುವ ಅಂಗಿಯನ್ನು ನೋಡಿದರು. ‘ಮೊದಲು ಮಾಸ್ಟ್ರಿಗೆ ತಲೆ ಒರಸಲಿಕ್ಕೆ ಬಟ್ಟೆ ಕೊಡು ಸುಮತಿ. ಮತ್ತೆ ಬಟ್ಟಲು ಇಡು’ ಎಂದರು. ಗಂಜಿಯ ಮೊದಲ ಗುಟುಕು ಅವರ ಗಂಟಲಲ್ಲಿ ಇಳಿಯುವುದನ್ನು ನೋಡಿದ ಮೇಲೆಯೇ ನಾನು ತಲೆ ಒರಸಿಕೊಂಡೆ.

ಅಂದಿನಿಂದ ಮಳೆಗಾಲ ಮುಗಿಯುವವರೆಗೆ ನಾನು ಆ ಮನೆಗೆ ಸೂರ್ಯನ ಕಡೆಯ ಮನುಷ್ಯನಾದೆ. ಸಂಜೆಯಾದರೆ ಪಾದೆಗೆ ಹೋಗುವುದು, ನೋಡುವುದು, ಬಂದು ಹೇಳುವುದು. ಶ್ರಾವಣದಲ್ಲಿ ಒಂದು ಸಂಜೆ ಎಷ್ಟು ಕಾದರೂ ಮೋಡ ಹರಿಯಲಿಲ್ಲ. ಹಿಂದೆ ಬರುವ ದಾರಿಯುದ್ದಕ್ಕೂ, ಕಂಡೆ ಎಂದುಬಿಡೋಣ, ಒಂದು ಮುದುಕಿಯ ಹೊಟ್ಟೆ ತುಂಬುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಬಾಗಿಲಲ್ಲಿ ಅವರ ಮುಖ ಕಂಡಾಗ ಆ ಮಾತು ನಾಲಗೆಗೆ ಬರಲಿಲ್ಲ.

‘ಕಾಣಲಿಲ್ಲ ಅಮ್ಮ. ಆದರೆ ಉಂಟು.’

‘ನಿಮಗೆ ಖಂಡಿತವಾ?’

‘ಖಂಡಿತ.’

‘ಸಾಕು’ ಎಂದು ಅವರು ಎದ್ದು ಕೈ ತೊಳೆಯಲು ಹೋದರು. ಇನ್ನೊಬ್ಬ ಸೂರ್ಯನ ಸುದ್ದಿ ಎತ್ತಲಿಲ್ಲ, ಅಲಹಾಬಾದಿನ ಸುದ್ದಿಯನ್ನೂ ಎತ್ತಲಿಲ್ಲ.

ಮುಂದಿನ ವರ್ಷ ನನಗೆ ಬೆಳ್ತಂಗಡಿಗೆ ವರ್ಗವಾಯಿತು. ಹೊರಡುವ ದಿನ ಪದ್ಮಾವತಿಯಮ್ಮ ಮೆಟ್ಟಿಲಿನವರೆಗೆ ಬಂದು, ‘ಬೆಳ್ತಂಗಡಿಯಲ್ಲಿ ಸೂರ್ಯ ಮುಳುಗುವುದು ಯಾವಾಗ?’ ಎಂದರು. ‘ಇಲ್ಲಿನ ಹಾಗೆಯೇ ಅಮ್ಮ. ವ್ಯತ್ಯಾಸ ಹೇಳುವಷ್ಟಿಲ್ಲ’ ಎಂದೆ. ‘ಒಳ್ಳೆಯದಾಯಿತು. ಹಾಗಾದರೆ ನೀವು ಅಲ್ಲಿ ಊಟಕ್ಕೆ ಕೂತಾಗ ನಾನೂ ಇಲ್ಲಿ ಕೂತಿದ್ದೇನೆ ಅಂತ ತಿಳಿದುಕೊಳ್ಳಿ. ಹೊತ್ತು ತಪ್ಪಿಸಬೇಡಿ’ ಎಂದರು.

ತಪ್ಪಿಸಲು ಆಗಲಿಲ್ಲ. ಬೆಳ್ತಂಗಡಿಯ ಹೋಟೆಲಿನಲ್ಲಿ ಎಲ್ಲರೂ ಸಂಜೆಯ ಚಹಾ ಕುಡಿಯುವಾಗ ನಾನು ಊಟ ಕೇಳುತ್ತಿದ್ದೆ. ಯಜಮಾನರು ‘ನೀವು ಜೈನರಾ ಮಾಸ್ಟ್ರೇ?’ ಎಂದು ಕೇಳಿ, ಅಲ್ಲ ಎಂದದ್ದಕ್ಕೆ ‘ಮತ್ತೆ ಹೊಟ್ಟೆಯಲ್ಲಿ ಏನಾದರೂ ಹುಣ್ಣು ಉಂಟಾ?’ ಎಂದು ಕನಿಕರದಿಂದ ವಿಚಾರಿಸಿದರು. ಮಳೆಗಾಲ ಸುರುವಾಯಿತು. ಒಂದು ಸಂಜೆ ಊರೆಲ್ಲ ಕಪ್ಪಾಗಿ ಮಳೆ ಸುರಿಯುತ್ತಿರುವಾಗ ನನಗೇ ಗಾಬರಿಯಾಯಿತು. ಕೈಗಡಿಯಾರ ನೋಡಿಕೊಂಡರೂ ಏಕೋ ಧೈರ್ಯ ಬರಲಿಲ್ಲ. ಹೋಟೆಲಿನ ಬಾಗಿಲಿಂದ ತಲೆ ಹೊರಗೆ ಹಾಕಿ, ಮಳೆಗೆ ತಲೆಯ ಮೇಲೆ ಓಲೆಯ ಗೊರಬು ಸೂಡಿ ಹೋಗುತ್ತಿದ್ದ ಒಬ್ಬನನ್ನು, ‘ಸೂರ್ಯ ಮುಳುಗಿದನಾ ಮಾರಾಯ?’ ಎಂದು ಕೂಗಿ ಕೇಳಿದೆ.

ಅವನು ನಿಂತು, ಗೊರಬು ಸ್ವಲ್ಪ ಎತ್ತಿ, ನನ್ನ ಮುಖ ಗುರುತು ಹಿಡಿದ. ‘ನೀವು ನಮ್ಮ ಮಗಳಿಗೆ ಭೂಗೋಳ ಮಾಡುವ ಮಾಸ್ಟ್ರಲ್ವಾ?’ ಎಂದ. ‘ಸೂರ್ಯ ಮುಳುಗುವುದೇ ಇಲ್ಲ, ಭೂಮಿ ತಿರುಗುವುದು ಅಂತ ನೀವೇ ಹೇಳಿಕೊಟ್ಟಿದ್ದೀರಂತೆ. ನಿನ್ನೆಯಿಂದ ಮನೆಯಲ್ಲಿ ಅದೇ ಗಲಾಟೆ.’